ಕೆಂಚವ್ವ ಮಾಯಾವಿಯ ಗುಟ್ಟು ಒಡೆದದ್ದು

ಹಿಂದೆ, ಬಲು ಹಿಂದೆ, ಮೂಡಲಗಿರಿ ಎಂಬ ರಾಜ್ಯದಲ್ಲಿ ಅರಸನ ಕಿವಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೇಳಿಸುತ್ತಿರಲಿಲ್ಲ. ಭುಜಂಗಶೀಲನೆಂಬ ಮಾಯಾವಿ ಆ ಕಿವಿಗೆ ಮಂತ್ರದ ಬೀಗ ಹಾಕಿದ್ದ. ಇಂಗ್ಲಿಷಿನಲ್ಲಿ ಮಾತನ್ನು ಹೇಗೆ ಶುರುಮಾಡಬೇಕು, ಪ್ರಶ್ನೆಯನ್ನು ಹೇಗೆ ಶುರುಮಾಡಬೇಕು ಎಂಬ ನಿಯಮಗಳನ್ನು ತನ್ನ ನೂರು ಶಿಷ್ಯರಿಗಷ್ಟೇ ಕಲಿಸುತ್ತಿದ್ದ. ಮಿಕ್ಕವರು ಆಸ್ಥಾನದಲ್ಲಿ ತಪ್ಪಾಗಿ ಬಾಯಿ ತೆರೆದರೆ ಅವರ ದನಿ ಹಾರಿಹೋಗಿ ಅವನ ತಾಮ್ರದ ಗಿಂಡಿಗಳಲ್ಲೊಂದನ್ನು ಸೇರುತ್ತಿತ್ತು.

ಬುಟ್ಟಿ ಹೆಣೆಯುವ ಕೆಂಚವ್ವನ ಅಣ್ಣ ಯಲ್ಲಪ್ಪ ತಮ್ಮ ಬಿದಿರುಮೆಳೆಗೆ ಅರಮನೆಯವರು ಬೇಲಿ ಹಾಕಿದ್ದೇಕೆಂದು ಕೇಳಹೋಗಿ, ಮೂಕನಾಗಿ ಬಂದ.

ಕೆಂಚವ್ವ ಅಳಲಿಲ್ಲ. ಮಾಯಾವಿಯ ಶಾಲೆಗೆ ಕಸದ ಬುಟ್ಟಿ ಕೊಡುತ್ತಿದ್ದವಳು ಅವಳೇ. ಕಿಟಕಿಯಾಚೆ ನಿಂತು ಅಕ್ಷರ ಕಲಿತಳು. ಶಿಷ್ಯರು ಹರಿದೆಸೆದ ಹಾಳೆಗಳನ್ನು ಜೋಡಿಸಿ, ಕೆಂಪು ಶಾಯಿ ಎಲ್ಲಿ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ನೋಡುತ್ತಾ ಹೋದಳು.

"ಕಸದಲ್ಲಿ ಏನೇ ಹುಡುಕ್ತೀಯ, ಹುಚ್ಚಿ?" ಕಾವಲುಗಾರ ನಕ್ಕ.

"ನೀವು ಬಚ್ಚಿಟ್ಟಿದ್ದನ್ನ ಕಣಣ್ಣ."

ಹತ್ತು ತಿಂಗಳಾದ ಮೇಲೆ ಅರಮನೆಗೆ ನಡೆದಳು.

ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ ಹಲಗೆ ಚಾಚಿತು. "ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರಿ. ತಪ್ಪಿದರೆ ನುಂಗುತ್ತೇನೆ." ಕೆಂಚವ್ವ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ, ಮಿಕ್ಕವನ್ನು ಚಿಕ್ಕಕ್ಷರದಲ್ಲಿ ಬರೆದಳು. ಹುಲಿ ಸರಿದು ನಿಂತಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹದ್ದು ಕೂತಿತ್ತು. "ದೇ ಆರ್ ಹಂಗ್ರಿ," ಎಂದಿತು ಒಂದು ತಲೆ. "ಇದನ್ನೇ ಪ್ರಶ್ನೆ ಮಾಡು," ಎಂದಿತು ಇನ್ನೊಂದು.

"ಆರ್ ದೇ ಹಂಗ್ರಿ?" ಎಂದಳು ಕೆಂಚವ್ವ. "ಉತ್ತರಾನೂ ಕೇಳ್ಕೊ. ಹೌದು, ಹಸಿದಿದ್ದಾರೆ." ಹದ್ದು ತಲೆ ಎರಡನ್ನೂ ತಗ್ಗಿಸಿತು.

ಮೂರನೆಯ ಬಾಗಿಲಲ್ಲಿ ಮಾಯಾವಿಯೇ ನಿಂತಿದ್ದ. ಅವನ ಹಿಂದೆ ಸಾವಿರ ಗಿಂಡಿ. ಯಲ್ಲಪ್ಪನ ದನಿಯಿದ್ದ ಗಿಂಡಿಯನ್ನು ಬೆಂಕಿಯ ಮೇಲೆ ಹಿಡಿದಿದ್ದ.

"ಭೇಷ್, ಬುಟ್ಟಿಯವಳೇ! ಈ ನಿಯಮ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡು. ಅಣ್ಣನ ದನಿ ಒಯ್ದುಕೋ, ನನ್ನ ಶಿಷ್ಯೆಯಾಗು. ಇಲ್ಲವೋ, ಇದು ಬೂದಿ."

"ಉಳಿದವರ ದನಿ?"

"ಅವರಿಗೆ ತಲೆಯಿಲ್ಲ."

ಕೆಂಚವ್ವನಿಗೆ ಹೊಳೆಯಿತು: ಇಷ್ಟು ಹೆದರಿ ಆಣೆ ಕೇಳುತ್ತಿದ್ದಾನೆಂದರೆ ಇವನ ಜೀವ ಇರುವುದೇ ಗುಟ್ಟಿನಲ್ಲಿ.

"ತಲೆಯಿದೆ ಸ್ವಾಮಿ. ಬಾಗಿಲು ಹಾಕಿದ್ದು ನೀವು." ಹಾಗೆಂದವಳೇ ಉಪ್ಪರಿಗೆಗೆ ಓಡಿ ಕೆಳಗಿನ ಸಂತೆಗೆ ಕೂಗಿದಳು. "ಕೇಳ್ರಪ್ಪೋ! ವಾಕ್ಯದ ಮೊದಲ ಅಕ್ಷರ ದೊಡ್ಡದು! ಹೇಳುವಾಗ ಯಾರು ಅನ್ನೋದು ಮೊದಲು, ಮಾಡಿದ್ದು ಆಮೇಲೆ! ಕೇಳುವಾಗ ಆರ್, ಈಸ್, ಡು ಮುಂದೆ ಬರಲಿ! ಏನು, ಯಾಕೆ ಅಂತ ಕೇಳೋಕೆ ವಾಟ್, ವೈ ಅವಕ್ಕಿಂತಲೂ ಮುಂದೆ! ಇಷ್ಟೇ ಕಣ್ರೋ ಇವನ ಮಾಯೆ!"

ಒಂದೊಂದು ನಿಯಮ ಹೊರಬಿದ್ದಂತೆ ಮಾಯಾವಿ ಒಂದೊಂದು ಗೇಣು ಕುಗ್ಗಿದ, ಯಲ್ಲಪ್ಪನ ಗಿಂಡಿ ಅವನ ಕೈಜಾರಿ ನೆಲಕ್ಕುರುಳಿತು. ಕೊನೆಗೆ ಶಾಯಿಯ ಹನಿಯಷ್ಟಾಗಿ ಬಿಸಿಲಿಗೆ ಆರಿಹೋದ. ಗಿಂಡಿಗಳು ಬಿರಿದವು. ಸಾವಿರ ದನಿಗಳು ಸಂತೆಯ ಮೇಲೆ ಹಾರಿ ತಂತಮ್ಮ ಒಡೆಯರ ಗಂಟಲು ಸೇರಿದವು.

"ಕೆಂಚೀ!" ಎಂದು ಯಲ್ಲಪ್ಪ ಕೂಗಿದ್ದು ಕೋಟೆಗೆಲ್ಲ ಕೇಳಿಸಿತು.

ಅರಸನ ಕಿವಿಯ ಬೀಗ ಠಣ್ಣನೆ ಬಿತ್ತು. ಜನ ಕನ್ನಡದಲ್ಲೇ ಕೇಳಿದರು, "ಬೇಲಿ ಯಾಕೆ?" ಅರಸ ಆಳುಗಳನ್ನು ಕಳಿಸಿದ. ಸಂಜೆಯೊಳಗೆ ಬೇಲಿ ಕಿತ್ತರು.

ಅಂದಿನಿಂದ ಮೂಡಲಗಿರಿಯಲ್ಲಿ ಬೇಕಾದವರು ಇಂಗ್ಲಿಷ್ ಕಲಿತರು, ಬೇಡವಾದವರು ಕನ್ನಡದಲ್ಲೇ ಜಗಳವಾಡಿದರು. ಎಲ್ಲರೂ ಉಂಡುಟ್ಟು, ಗಟ್ಟಿ ದನಿಯಲ್ಲಿ ಬಾಳಿದರು.