ಖಾಲಿ ಚೀಟಿ

ನಿಘಂಟು ಕಚೇರಿಯ ಕಿಟಕಿಗಳು ಇನ್ನೂ ತೆರೆದಿರಲಿಲ್ಲ. ಒಳಗಿನಿಂದ ಸಂಪಾದಕರ ಕೂಗು—

"ಕಳ್ಳತನ! 'ವಿಚಿತ್ರ' ಹೋಯ್ತು!"

ಅಲ್ಲಿ ಪ್ರತಿ ಪದಕ್ಕೂ ರಟ್ಟಿನ ಚೀಟಿಗಳು: ಅರ್ಥಕ್ಕೊಂದು, ಮೂಲಕ್ಕೊಂದು, ಪ್ರಯೋಗಕ್ಕೆ ಹಲವು. 'ವಿಚಿತ್ರ'ದ ಪ್ರಯೋಗಗಳೆಲ್ಲ ಮಾಯ! ನಾಳೆ ಮಂಡಳಿಯ ತಪಾಸಣೆ. ಅವರು ಒಪ್ಪದಿದ್ದರೆ, ಜೀವಮಾನವೆಲ್ಲ ತೇಯ್ದು ಕಟ್ಟಿದ ಪುಸ್ತಕದ ಮೇಲೆ ಸಂಪಾದಕರ ಹೆಸರಿರುವುದಿಲ್ಲ.

ಪತ್ತೆಗೆ ಬಂದವರು ಅವರ ಭಾವಮೈದುನ, ನಿವೃತ್ತ ಇನ್ಸ್‌ಪೆಕ್ಟರ್.

"ಒಳಗೆ ಬರೋರು ಯಾರ್ಯಾರು ಭಾವ?"

"ನಾನು, ಸಹಾಯಕ, ಟೈಪು ಮಾಡೋ ಹುಡುಗಿ. ಬೇಗ ಹಿಡಿಯಪ್ಪಾ ಪೊಲೀಸಪ್ಪ!"

ಇನ್ಸ್‌ಪೆಕ್ಟರ್ ಖಾನೆ ಎಳೆದರು. ಮೂಲದ ಚೀಟಿ ಅಲ್ಲೇ ಇತ್ತು—ಸಂಸ್ಕೃತದಿಂದ ಬಂದದ್ದು. ಹಳೆಯ ಕಾಲದಲ್ಲಿ ಬಗೆಬಗೆಯ ಬಣ್ಣದ್ದು, ಸೊಗಸಾದದ್ದು ಎಂದರ್ಥ. ಅದರ ಹಿಂದೆ ಒಂದು ಖಾಲಿ ಚೀಟಿ. ಚೀಟಿ ತೆಗೆದವರು ಆ ಜಾಗದಲ್ಲಿ ಖಾಲಿಯದೊಂದನ್ನು ನಿಲ್ಲಿಸಬೇಕೆಂಬುದು ಕಚೇರಿಯ ಕಟ್ಟಳೆ.

ಸಹಾಯಕನನ್ನು ಕರೆದರು.

"ಸಂಪಾದಕರ ಕುರ್ಚಿ ಮೇಲೆ ನಿಂಗೆ ಕಣ್ಣಂತೆ?"

"ಕಣ್ಣಿದೆ ಸಾರ್. ಕದಿಯೋ ಗುಂಡಿಗೆ ಇದ್ದಿದ್ರೆ ಇಷ್ಟು ವರ್ಷ ಗೋಂದು ಹಚ್ಕೊಂಡು ಕೂತಿರ್ತಿದ್ನಾ?"

"ಆ ಚೀಟಿಗಳನ್ನ ಓದಿದ್ಯಾ?"

"ಇಲ್ಲ. ಆ ಕೈಬರಹ ಅವರ ಮಗಳಿಗೊಬ್ಬಳಿಗೇ ಅರ್ಥ ಆಗೋದು. ಅವಳು ಟೈಪು ಮಾಡಿದ್ಮೇಲೇ ನಮ್ಮ ಪಾಲಿಗೆ."

ಇನ್ಸ್‌ಪೆಕ್ಟರ್ ಟೈಪು ಯಂತ್ರದ ಮುಂದೆ ಹೋಗಿ ಕೂತರು. ಅಕ್ಕನ ಪಡಿಯಚ್ಚಿನಂತಿದ್ದ ಸೋದರಸೊಸೆ ತಲೆಯೆತ್ತಲಿಲ್ಲ.

"ಅದ್ರಲ್ಲೇನೋ ಎಡವಟ್ಟಿರ್ಬೇಕು. ವೈರಿಯಾಗಿದ್ರೆ ಆ ಚೀಟಿಗಳನ್ನ ಮಂಡಳಿ ಮುಂದೆ ಹರಡ್ತಿದ್ದ. ಬಚ್ಚಿಡ್ತಿರ್ಲಿಲ್ಲ. ಕದಿಯೋವಾಗ್ಲೂ ಸಾಲು ತಪ್ಪಬಾರ್ದು ಅಂತ ಖಾಲಿ ಚೀಟಿ ಇಡೋ ಪ್ರೀತಿ ಯಾರಿಗಿರುತ್ತೆ ಪುಟ್ಟೀ?"

ಅವಳು ಕೈಚೀಲದಿಂದ ಚೀಟಿಗಳನ್ನು ತೆಗೆದಿಟ್ಟಳು. ಇನ್ಸ್‌ಪೆಕ್ಟರ್‌ಗೆ ಆ ಕೈಬರಹ ತಿಳಿಯಲಿಲ್ಲ; ಅವಳೇ ಓದಿ ಹೇಳಿದಳು.

*ಟೈಪು ಮಾಡುವ ಹುಡುಗಿ ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತಾಳೆ, ವಿಚಿತ್ರ.*

*ಅವಳು ನನ್ನನ್ನು ಅಪ್ಪ ಎನ್ನುತ್ತಾಳೆ, ವಿಚಿತ್ರ.*

"ನನಗೆ ಆಗ್ಲೇ ಹೊಳೀಬೇಕಿತ್ತು," ಎಂದರು ಇನ್ಸ್‌ಪೆಕ್ಟರ್. "ಮಗಳನ್ನೇ 'ಟೈಪು ಮಾಡೋ ಹುಡುಗಿ' ಅಂದಾಗ ಕಚೇರಿ ಗತ್ತು ಅಂದ್ಕೊಂಡೆ."

"ಬೇರೆ ಪ್ರಯೋಗ ಬರೆದಿಡೋಣ ಅಂತಿದ್ದೆ ಮಾವ. ಅಷ್ಟರಲ್ಲಿ ಅಪ್ಪ ಖಾನೆ ತೆಗೆದ್ರು. ಅವರ ಮರೆವು ಬಯಲಾಗದೆ ನಾಳೆ ಒಂದು ದಿನ ದಾಟಿದ್ರೆ ಹೆಸರಾದ್ರೂ ಉಳೀತಿತ್ತು."

ಇನ್ಸ್‌ಪೆಕ್ಟರ್ ಚೀಟಿಗಳನ್ನು ಅವಳ ಕೈಚೀಲಕ್ಕೇ ಹಾಕಿದರು. ಕೊಟ್ಟ ದೇವರೇ ಭಾವನ ಮಾತುಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆಯುತ್ತಿರುವಾಗ ಕಳ್ಳನೆಂದು ಯಾರ ಕೈ ಹಿಡಿಯುವುದು?

ಸಂಪಾದಕರು ನಗುತ್ತ ಬಂದರು.

"ಕಳ್ಳ ಸಿಕ್ಕನೇನಯ್ಯಾ?"

"ಇಲ್ಲ ಭಾವ."

"ಹಾಳಾಗಿ ಹೋಗ್ಲಿ. ಎಲ್ಲಾ ಹೊಸದಾಗಿ ಬರೆದೆ. ಮಂಡಳಿ ಅಧ್ಯಕ್ಷರು ಇವತ್ತೇ ಬಂದು ಬಾಗಿಲಲ್ಲೇ ಸಿಕ್ಕಿದ್ರು, ಅವರಿಗೇ ಓದಿ ಹೇಳಿ ಕೈಗೆ ಕೊಟ್ಟೆ. ಪಾಪ, ನನ್ನ ಕೈ ಹಿಡ್ಕೊಂಡು ನಿಂತ್ಬಿಟ್ರು."

ಮಗಳು ಮುಖ ಮುಚ್ಚಿಕೊಂಡಳು.

ಸಂಪಾದಕರು ಅವಳನ್ನೇ ನೋಡಿದರು. "ಈಕೆ ಯಾಕೆ ಅಳ್ತಿದಾಳೆ?" ಎಂದು ಮೆಲ್ಲನೆ ಕೇಳಿ, ಖಾನೆಯಲ್ಲಿದ್ದ ಆ ಖಾಲಿ ಚೀಟಿಯನ್ನು ಎತ್ತಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.