ರೌಫ್ ಸಾಹೇಬರ ಒದ್ದೆ ಬೂಟು

ಬೆಳಿಗ್ಗೆ ಫೆರ್ದಾ ಇಂಜಿನ್ನಿನ ಮುಚ್ಚಳ ತೆಗೆದಳು. ನಿಯಂತ್ರಣ ಪೆಟ್ಟಿಗೆ ಇರಲಿಲ್ಲ! ಪೈಲಟ್ ಇಲ್ಲದೆ ಹಾರಬೇಕಾದ ಆ ಯುದ್ಧ ಜೆಟ್ಟಿಗೆ ಅಂಗೈಯಗಲದ ಆ ಪೆಟ್ಟಿಗೆಯೇ ಮಿದುಳು. ಮಧ್ಯಾಹ್ನ ಮೊದಲ ಹಾರಾಟ. ತುರ್ಕಿಯ ರಾಜಧಾನಿ ಅಂಕಾರಾದಿಂದ ಸೇನಾಧಿಕಾರಿಗಳು ಆಗಲೇ ಹೊರಟಿದ್ದರು.

ವಿಮಾನ ನಿಲ್ಲಿಸುವ ಹ್ಯಾಂಗರಿನ ಕೀಲಿ ಇದ್ದದ್ದು ಮೂವರ ಬಳಿ: ಜೆಟ್ಟನ್ನು ವಿನ್ಯಾಸ ಮಾಡಿದ ಫೆರ್ದಾ, ಇಂಜಿನ್ ಜೋಡಿಸುವ ಸಾಬಿತ್ ಉಸ್ತಾದ್, ಪರೀಕ್ಷೆ ನಡೆಸುವ ತಾಯ್ಲಾನ್. ಹಿಂದಿನ ಸಂಜೆ ಬೀಗ ಹಾಕಿದ್ದು ಫೆರ್ದಾ. ಪೆಟ್ಟಿಗೆ ಸಿಗದಿದ್ದರೆ ಕಳ್ಳಿಯೆಂಬ ಹಣೆಪಟ್ಟಿ ಅವಳಿಗೇ, ಜೆಟ್ಟು ಬೇರೆಯವರ ಪಾಲಿಗೆ.

ಭದ್ರತಾಧಿಕಾರಿ ರೌಫ್ ತಾವೇ ಹೋಗಿ ಉಳಿದಿಬ್ಬರನ್ನೂ ಮನೆಯಿಂದ ಕರೆತಂದರು. ಹೊರಗೆ ಕೊನ್ಯಾದ ಬೆಂಕಿಯಂಥ ಬೇಸಿಗೆ. ಆದರೆ ಅವರ ಬೂಟು ಮಾತ್ರ ಒದ್ದೆ! ನನ್ನ ಮನೆಗೆ ಬೆಂಕಿ ಬಿದ್ದಿರುವಾಗ ಈ ಮನುಷ್ಯ ಯಾವ ತೋಟದಲ್ಲಿ ಅಡ್ಡಾಡಿ ಬಂದ? ಫೆರ್ದಾಳಿಗೆ ಸಿಟ್ಟು ಬಂತು.

"ಉಸ್ತಾದ್, ಬೆಳಿಗ್ಗೆ ಎಲ್ಲಿದ್ರಿ?" ರೌಫ್ ಕೇಳಿದರು.

"ಹಾಸಿಗೇಲಿ ಸಾಹೇಬ್ರೆ. ನೀವೇ ಎಬ್ಬಿಸಿದ್ರಲ್ಲ. ಒಂದು ಲೋಟ ಟೀ ಕುಡಿಯೋಕೂ ಬಿಡಲಿಲ್ಲ."

"ತಾಯ್ಲಾನ್, ನೀನು?"

"ಟೊಮೆಟೊ ತರೋಕೆ ಸಂತೆಗೆ ಹೊರಟಿದ್ದೆ. ಅರ್ಧ ಗಂಟೆ ಕೆಲಸ. ಮನೆ ಗೇಟಲ್ಲೇ ಕಾರು ತಡೆದ್ರಿ. ಕೊನೆಗೆ ಬೀಗ ಹಾಕಿದ್ದು ಯಾರು ಅಂತ ಮೊದಲು ಕೇಳಿ."

"ನಾನೇ," ಎಂದಳು ಫೆರ್ದಾ. "ಹೆತ್ತ ಮಗುವಿನ ತಲೆ ಯಾರಾದ್ರೂ ತೆಗೀತಾರಾ?"

ರೌಫ್ ಕುಳಿತು ಕಾಲು ಚಾಚಿದರು. "ಈ ಬೂಟು ಹೇಗೆ ನೆನೀತು ಗೊತ್ತಾ ಮಗಳೇ? ಈ ತಾಯ್ಲಾನನ ಕಾರಿನ ಹಿಂದೆ ನೀರು ಚೆಲ್ಲಿತ್ತು. ತುಳಿದೆ."

"ಅಮ್ಮ ಅಂಗಳ ತೊಳೆದಿದ್ರು—" ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ತಾಯ್ಲಾನ್ ಹೆಗಲು ಮುಟ್ಟಿಕೊಂಡಿದ್ದ.

"ಮಿಕ್ಕ ಅಂಗಳದಲ್ಲೆಲ್ಲ ಧೂಳಿತ್ತಪ್ಪ. ನಿಮ್ಮಮ್ಮನ ಕೈಯಲ್ಲಿ ಖಾಲಿ ತಂಬಿಗೆ, ಕಣ್ಣಲ್ಲಿ ನೀರು. ದೂರ ಹೋಗೋರ ಹಿಂದೆ ನಮ್ಮ ತಾಯಂದಿರು ನೀರು ಚೆಲ್ತಾರೆ, ನೀರಿನ ಹಾಗೆ ಸರಾಗವಾಗಿ ಹೋಗಿ ನೀರಿನ ಹಾಗೆ ಬಾ ಅಂತ. ನಾನು ಸೈನ್ಯಕ್ಕೆ ಹೊರಟಾಗ ನಮ್ಮಮ್ಮನೂ ಚೆಲ್ಲಿದ್ಳು. ಟೊಮೆಟೊ ತರೋನಿಗೆ ಯಾವ ತಾಯಿ ಚೆಲ್ತಾಳೆ?"

ಅವರು ಕೈಸನ್ನೆ ಮಾಡಿದರು. ಕಾರು ಶೋಧಿಸಿದ್ದ ಕಾವಲುಗಾರ ಅದರಲ್ಲಿದ್ದ ಬುತ್ತಿ ಡಬ್ಬಿ ತಂದಿಟ್ಟ. ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಗಳ ಕೆಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಿಯಂತ್ರಣ ಪೆಟ್ಟಿಗೆ!

ತಾಯ್ಲಾನ್ ಹ್ಯಾಂಗರಿನ ಕೀಲಿ ತೆಗೆದು ರೌಫ್ ಮುಂದಿಟ್ಟ. "ಈ ಪೆಟ್ಟಿಗೆ ತಂದ್ರೆ ಹೊರದೇಶದಲ್ಲಿ ದೊಡ್ಡ ಕೆಲಸ ಕೊಡ್ತೀವಿ ಅಂದಿದ್ರು. ಎಲ್ರಿಗೂ ಸುಳ್ಳು ಹೇಳಿದೆ. ಅಮ್ಮನಿಗೆ ಹೇಳದೆ ಹೋಗೋಕೆ ಮಾತ್ರ ಆಗಲಿಲ್ಲ."

"ಅಷ್ಟು ಒಳ್ಳೆಯವನಾಗಿದ್ದಕ್ಕೇ ಸಿಕ್ಕಿಬಿದ್ದೆ," ಎಂದು ರೌಫ್ ಎದ್ದರು.

ಮಧ್ಯಾಹ್ನ ಜೆಟ್ಟು ತಾನಾಗಿಯೇ ಓಡುದಾರಿಯತ್ತ ಉರುಳತೊಡಗಿತು. ಫೆರ್ದಾ ನೀರಿನ ತಂಬಿಗೆ ಎತ್ತಿಕೊಂಡು ಅದರ ಹಿಂದೆ ನಡೆದಳು.

"ಅದು ಯಂತ್ರ ಕಣಮ್ಮ," ಸಾಬಿತ್ ನಕ್ಕ. "ಅದಕ್ಕೆಲ್ಲಿಯ ತಾಯಿ?"

"ನಾನಿಲ್ವಾ?" ಎಂದು ಫೆರ್ದಾ ನೀರು ಚೆಲ್ಲಿದಳು. ರೌಫ್ ಈ ಸಲ ಬೂಟು ಹಿಂದಕ್ಕೆಳೆದುಕೊಂಡರು.

ಆ ನೀರು ಒಣಗುವಷ್ಟರಲ್ಲಿ ಜೆಟ್ಟು ಹಾರಾಟ ಮುಗಿಸಿ ಮರಳಿ ಬಂದು ನಿಂತಿತ್ತು.