ಬಾಗಿಲ ಪಕ್ಕದ ಸ್ಟೂಲು

ಬೇಕೆಂದೇ ಹೇಳಿದನೇ? ಅಥವಾ ಬಾಯಿತಪ್ಪಿ ಬಂತೇ?

ಅರ್ನೆಟಾಳ ಬಲ ಅಂಗೈ ಇನ್ನೂ ಉರಿಯುತ್ತಿತ್ತು. ಚರ್ಚಿನ ನೆಲಮಾಳಿಗೆಯಲ್ಲಿದ್ದ ಇಪ್ಪತ್ತು ಜನರೂ ಅವಳನ್ನೇ ನೋಡುತ್ತಿದ್ದರು. ಎದುರಿಗೆ ಥರ್ಮನ್ ಕೆನ್ನೆ ಹಿಡಿದುಕೊಂಡು ನಿಂತಿದ್ದ. ಹೊಡೆದವಳು ಅವಳೇ.

ಬಾಯಿತಪ್ಪಿ ಅಂಥ ಮಾತು ಬರುತ್ತದೆಯೇ... ಇಡೀ ಲೋಕದಲ್ಲಿ ಅವನೊಬ್ಬನಿಗೆ ಮಾತ್ರ ಅವಳು ಹೇಳಿಕೊಂಡಿದ್ದ ಮಾತು?

ಪಾಸ್ಟರ್ ಡಾಬಿನ್ಸ್ ಜೇಬಿನಿಂದ ಹೆಸರುಗಳ ಪಟ್ಟಿ ತೆಗೆದರು. ನಿಯಮ ಎಲ್ಲರಿಗೂ ಗೊತ್ತಿತ್ತು. ತಾಲೀಮಿನಲ್ಲಿ ಕೈ ಎತ್ತಿದವರು ಶನಿವಾರ ಹೋಗುವಂತಿಲ್ಲ.

ಅದು ಸಾವಿರದ ಒಂಬೈನೂರ ಅರವತ್ತರ ಮಾರ್ಚ್. ಟೆನೆಸಿಯ ಆ ಊರಿನ ದೊಡ್ಡ ಅಂಗಡಿಯಲ್ಲಿ ಕರಿಯರು ಸೋಪು ಕೊಳ್ಳಬಹುದಿತ್ತು, ಸಾಕ್ಸ್ ಕೊಳ್ಳಬಹುದಿತ್ತು. ಒಳಗಿನ ಊಟದ ಕೌಂಟರಿನಲ್ಲಿ ಕೂತು ಒಂದು ಕಪ್ ಕಾಫಿ ಕುಡಿಯುವಂತಿರಲಿಲ್ಲ. ಶನಿವಾರ ಕರಿಯರ ಕಾಲೇಜಿನ ಹನ್ನೆರಡು ವಿದ್ಯಾರ್ಥಿಗಳು ಹೋಗಿ ಅಲ್ಲಿ ಕೂರುವವರಿದ್ದರು. ಬಾಗಿಲ ಪಕ್ಕದ ಮೊದಲ ಸ್ಟೂಲು ಅರ್ನೆಟಾಳಿಗೆ ಬಂದಿತ್ತು.

ಅದಕ್ಕಾಗಿ ಮೂರು ವಾರದಿಂದ ತಾಲೀಮು. ಅರ್ಧ ಜನ ಸಾಲಾಗಿ ಕುರ್ಚಿಯಲ್ಲಿ ಕೂರುವುದು, ಉಳಿದರ್ಧ ಬಿಳಿಯ ಪುಂಡರಾಗುವುದು. ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು, ಕುರ್ಚಿ ಎಳೆಯುವುದು, ತಣ್ಣಗಾದ ಕಾಫಿಯನ್ನು ತಲೆಯ ಮೇಲೆ ಸುರಿಯುವುದು, ಬಾಯಿಗೆ ಬಂದಂತೆ ಬೈಯುವುದು. ಕೂತವರು ತಿರುಗಿ ನೋಡದೆ ಪುಸ್ತಕದ ಹಾಳೆ ಮಗುಚುತ್ತಿರಬೇಕು. ಬೈಗುಳಗಳನ್ನು ಯಾರಿಗೂ ಕಲಿಸಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದವೇ.

ಥರ್ಮನ್ ಒಬ್ಬ ಮಾತ್ರ ಪುಂಡನ ಪಾತ್ರಕ್ಕೆ ಒಮ್ಮೆಯೂ ಒಪ್ಪಿರಲಿಲ್ಲ. ರಸಾಯನಶಾಸ್ತ್ರ ಓದುತ್ತಿದ್ದ, ಮಧ್ಯಾಹ್ನ ಅದೇ ಕೌಂಟರಿನ ಹಿಂದಿನ ಕೋಣೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಅವನಿಗೆ ಮಾತಾಡೋಕೇ ಬರಲ್ಲ, ಇನ್ನು ಬೈಯೋದೆಲ್ಲಿಂದ ಬರತ್ತೆ ಎಂದು ಅರ್ನೆಟಾಳ ಕೋಣೆಯ ಗೆಳತಿ ಒಡೆಸ್ಸಾ ಆಡಿಕೊಳ್ಳುತ್ತಿದ್ದಳು. ತಾಲೀಮು ಮುಗಿದ ಮೇಲೆ ಹಾಸ್ಟೆಲಿನವರೆಗೆ ಅರ್ನೆಟಾಳ ಪಕ್ಕದಲ್ಲಿ ಸುಮ್ಮನೆ ನಡೆದುಬರುತ್ತಿದ್ದ. ಆ ಸುಮ್ಮನಿರುವಿಕೆಯೇ ಅವಳಿಗೆ ಹಿಡಿಸಿತ್ತು. ಅಲ್ಲಿ ಏನನ್ನು ಇಟ್ಟರೂ ಹಾಗೇ ಉಳಿಯುತ್ತದೆ ಎನಿಸಿತ್ತು. ಅದಕ್ಕೇ ಒಂದು ದಿನ ಅಪ್ಪನ ವಿಷಯ ಹೇಳಿದ್ದಳು.

ಆಗ ಅವಳಿಗೆ ಏಳು ವರ್ಷ. ಪೆಟ್ರೋಲ್ ಬಂಕಿನಲ್ಲಿ ಇಬ್ಬರು ಬಿಳಿಯರು ಅಪ್ಪನಿಗೆ ಕುಣಿ ಎಂದರು. ಅಪ್ಪ ಕುಣಿದ. ಅವರು ನಕ್ಕರು. ಅದೇನೋ ಆಟವೆಂದುಕೊಂಡು ಪುಟ್ಟ ಅರ್ನೆಟಾ ಕೂಡ ನಕ್ಕು ಚಪ್ಪಾಳೆ ತಟ್ಟಿದಳು. ಅಪ್ಪ ಒಮ್ಮೆ ಅವಳ ಕಡೆ ನೋಡಿದ. ಮನೆಗೆ ಬಂದ ಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳಿಗೆ ಅರ್ಥವಾಗುವ ವಯಸ್ಸು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ.

ಆ ಒಂದು ನೋಟಕ್ಕಾಗಿ ಅವಳಿಗೆ ಆ ಸ್ಟೂಲು ಬೇಕಿತ್ತು.

ಇವತ್ತು ಥರ್ಮನ್ ತಾನಾಗಿಯೇ ಎದ್ದು, ಪುಂಡನ ಪಾತ್ರ ತಾನು ಮಾಡುತ್ತೇನೆಂದ. ಎಲ್ಲರಿಗೂ ಆಶ್ಚರ್ಯ. ಹೊಗೆ ಬಿಟ್ಟ. ಅವಳು ಹಾಳೆ ಮಗುಚಿದಳು. ಕುರ್ಚಿ ಒದ್ದ. ಅವಳು ಅಲುಗಲಿಲ್ಲ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ನಿಮ್ಮಪ್ಪ ಚೆನ್ನಾಗಿ ಕುಣೀತಿದ್ದನಂತೆ. ನೀನು ಚಪ್ಪಾಳೆ ತಟ್ಟಿದ್ಯಂತಲ್ಲ."

ಅವಳ ಕೈ ಎದ್ದದ್ದು ಆಗ.

ಪಾಸ್ಟರ್ ಬೇಸರದಿಂದಲೇ ಅವಳ ಹೆಸರು ಹೊಡೆದುಹಾಕಿದರು. ಈ ಜಾಗಕ್ಕೆ ಬೇರೆಯವರು ಬೇಕು ಎಂದರು. ಅವರು ಪೆನ್ಸಿಲ್ ಕೆಳಗಿಡುವ ಮೊದಲೇ ಥರ್ಮನ್ ಹೇಳಿದ:

"ನಾನು ಹೋಗ್ತೀನಿ."

ಓ... ಇದಕ್ಕಾ?

ಹೊರಗೆ ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದು ನಿಲ್ಲಿಸಿದಳು. ಅಲ್ಲಿ ಇದಕ್ಕಿಂತ ಕೆಟ್ಟ ಮಾತು ಆಡುತ್ತಾರೆ ಎಂದು ಅವನು ನೆಲ ನೋಡುತ್ತ ಗೊಣಗಿದ.

"ಆಡಲಿ. ಅವರಿಗೆ ನಮ್ಮಪ್ಪನ ವಿಷಯ ಗೊತ್ತಿರಲ್ಲ, ಥರ್ಮನ್. ನಿಂಗೆ ಗೊತ್ತಿತ್ತು."

ಅವನು ಟೋಪಿಯ ಅಂಚನ್ನು ತಿರುಗಿಸುತ್ತ ನಿಂತ. ಇಷ್ಟು ದಿನ ಈ ಮೌನವನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

ಶನಿವಾರ ಅವಳು ಚರ್ಚಿನ ಅಡುಗೆಮನೆಯಲ್ಲಿ, ಜೈಲಿಗೆ ಹೋಗುವವರಿಗಾಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ರಸ್ತೆಯಾಚೆ ನಿಂತು ನೋಡಿ ಸುದ್ದಿ ತರುವ ಕೆಲಸ ಒಡೆಸ್ಸಾಳದು. ಒಂದು ಗಂಟೆಗೆ ಅವಳು ಓಡಿಬಂದಳು. ಹನ್ನೆರಡು ಹೊಡೆಯುತ್ತಿದ್ದಂತೆ ಬೀದಿಯಲ್ಲಿದ್ದ ಪೊಲೀಸರು ಮಾಯವಾದರಂತೆ. ಪುಂಡರು ಒಳಗೆ ನುಗ್ಗಿದವರೇ ಬಾಗಿಲ ಪಕ್ಕದವನಿಂದ ಶುರು ಮಾಡಿದರಂತೆ. ಥರ್ಮನ್‌ನ ದವಡೆ ಒಡೆದಿದೆ. ಕೆಳಗೆ ಬಿದ್ದವನು ಎದ್ದು ಮತ್ತೆ ಅದೇ ಸ್ಟೂಲಿನ ಮೇಲೆ ಕೂತನಂತೆ. ಆಮೇಲೆ ಪೊಲೀಸರು ಬಂದು ಹನ್ನೆರಡು ಜನರನ್ನೂ ಹಿಡಿದುಕೊಂಡು ಹೋದರು. ಹೊಡೆದವರನ್ನಲ್ಲ.

"ನೀನಿರ್ಬೇಕಾಗಿತ್ತು ಕಣೆ ಅಲ್ಲಿ," ಎಂದಳು ಒಡೆಸ್ಸಾ. "ಬದುಕಿಕೊಂಡೆ ನೀನು."

ಬೆಣ್ಣೆಯ ಚಾಕು ಅರ್ನೆಟಾಳ ಕೈಯಲ್ಲೇ ಉಳಿಯಿತು.

ಭಾನುವಾರ ಪಾಸ್ಟರ್ ಎಲ್ಲವನ್ನೂ ಹೇಳಿದರು. ಬುಧವಾರ ತಟ್ಟೆ ತೊಳೆಯುವಾಗ ಥರ್ಮನ್ ಆ ಪುಂಡರ ಮಾತು ಕೇಳಿಸಿಕೊಂಡಿದ್ದ. ಪೊಲೀಸರು ಹೋದ ಕೂಡಲೇ ಬಾಗಿಲ ಪಕ್ಕದವರಿಂದ ಹೊಡೆಯುವುದು ಎಂದು ಮಾತಾಗಿತ್ತು. ಅವನು ಬಂದು ಪಾಸ್ಟರಿಗೆ ತಿಳಿಸಿದ. ಅಪಾಯ ಎಲ್ಲರಿಗೂ ಗೊತ್ತಿರುವುದೇ, ಹೋಗುವುದು ಹೋಗುವುದೇ ಎಂದು ಅವರು ಹೇಳಿ ಕಳಿಸಿದ್ದರು. ಅವನು ಹೀಗೆ ಮಾಡುತ್ತಾನೆಂದು ಅವರಿಗೆ ಹೊಳೆದಿರಲಿಲ್ಲ.

ಹಾಗಾದರೆ... ನನಗಾಗಿ?

ಅವಳು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಅತ್ತಳು. ಅಷ್ಟೊಂದು ಪ್ರೀತಿಸುತ್ತಾನೆಯೇ ಎಂದು ಅತ್ತಳು. ಅಳುತ್ತಿದ್ದಂತೆಯೇ, ಎಲ್ಲೋ ನಡುವೆ, ಆ ಅಳು ಸಿಟ್ಟಿನದಾಯಿತು.

ಹನ್ನೆರಡು ಜನರೂ ಜಾಮೀನು ಬೇಡವೆಂದು ಒಳಗೇ ಉಳಿದರು. ಹದಿನೆಂಟನೆಯ ದಿನ ಬೆಳಿಗ್ಗೆ ಜೈಲಿನ ಬಾಗಿಲು ತೆರೆದಾಗ ಅರ್ನೆಟಾ ಹೊರಗೆ ನಿಂತಿದ್ದಳು. ಥರ್ಮನ್‌ನ ಮುಖ ಒಂದು ಕಡೆ ಊದಿ ಓರೆಯಾಗಿತ್ತು. ಮಾತು ತೊದಲುತ್ತಿತ್ತು.

"ಪಾಸ್ಟರ್ ಹೇಳಿದ್ರು," ಎಂದಳು.

"ನಿನಗೆ ಆ ಏಟು ಬೀಳೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ." ದವಡೆಗೆ ಕೈ ಒತ್ತಿಕೊಂಡು ಸೇರಿಸಿದ, "ನಿನ್ನ ಪ್ರೀತಿಸ್ತೀನಿ, ಅರ್ನೆಟಾ. ಹೇಳೋಕೆ ಎಂಥ ಜಾಗ ಸಿಕ್ತು ನೋಡು."

ಈ ಮಾತಿಗಾಗಿ ಅವಳು ಎಷ್ಟು ಸಂಜೆ ಕಾದಿದ್ದಳು. ಈಗ ಬಂತು. ಸಂತೋಷವಾಯಿತು, ಸಿಟ್ಟು ಮಾತ್ರ ಹೋಗಲಿಲ್ಲ.

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ಹೋಗ್ತೀನಿ ಅಂತಿದ್ದೆ."

"ಹೌದು. ಹೋಗ್ತೀನಿ ಅಂತಿದ್ದೆ." ಅವಳ ದನಿ ಸಣ್ಣದಾಯಿತು. "ನಾನು ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಅಂತ ಆ ಅಂಗಡಿಯವರೂ ನನ್ನನ್ನ ಕೇಳಲ್ಲ, ಥರ್ಮನ್."

ಅವನ ತುಟಿಯ ಗಾಯ ಬಿರಿದು ರಕ್ತ ಜಿನುಗಿತು. ಹೊರಟುಹೋಗಬೇಕೆಂದೇ ಬಂದಿದ್ದಳು. ಆದರೆ ಕರವಸ್ತ್ರ ತೆಗೆದು ಒತ್ತಿಹಿಡಿದಳು. ಅದನ್ನು ಹಿಡಿದೇ ಬಸ್ ಸ್ಟಾಪಿನವರೆಗೆ ಅವನ ಜೊತೆ ನಡೆದಳು.

ಎರಡನೆಯ ತಂಡ ಹೋಗುವ ದಿನ ಗೊತ್ತಾಗಿತ್ತು. ಅರ್ನೆಟಾಳ ಹೆಸರು ಅದರಲ್ಲಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಅಂಗಡಿಯವರು ಸೋತು ಕೌಂಟರನ್ನು ಎಲ್ಲರಿಗೂ ತೆರೆದರು. ಊರೆಲ್ಲ ಹಾಡು, ಅಪ್ಪುಗೆ. ಅವಳೂ ಹಾಡಿದಳು. ಆಮೇಲೆ ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಪರಿಚಾರಿಕೆ ಕಾಫಿ ತಂದಿಟ್ಟಳು, ಸಕ್ಕರೆ ಬೇಕೇ ಎಂದು ಕೇಳಿದಳು. ಅಷ್ಟೇ. ಅದೀಗ ಬರೀ ಸ್ಟೂಲು.

ಮರುವರ್ಷ ಅವರ ಮದುವೆಯಾಯಿತು. ಚೆನ್ನಾಗಿಯೇ ಬಾಳಿದರು. ಅವನು ಮೇಷ್ಟ್ರಾದ, ಅವಳು ನರ್ಸ್ ಆದಳು.

ಪ್ರತಿ ಫೆಬ್ರವರಿ, ಅದು ಕರಿಯರ ಇತಿಹಾಸದ ತಿಂಗಳೆಂದು, ಶಾಲೆಗಳವರು, ಚರ್ಚುಗಳವರು ಥರ್ಮನ್‌ನನ್ನು ಕರೆಸಿ ಆ ಶನಿವಾರದ ಕಥೆ ಹೇಳಿಸುತ್ತಿದ್ದರು. ಅವನು ಮಾತು ಕಲಿತಿದ್ದ. ಹೊಗೆ, ಕಾಫಿ, ದವಡೆ, ಜೈಲು, ಎಲ್ಲ ಹೇಳುತ್ತಿದ್ದ. ಅರ್ನೆಟಾ ಮೊದಲ ಸಾಲಿನಲ್ಲಿ ಕೂತು ಕೇಳುತ್ತಿದ್ದಳು.

ಒಮ್ಮೆ ಒಬ್ಬ ಹುಡುಗಿ ಅವಳತ್ತ ತಿರುಗಿ, "ಮಿಸ್ ಅರ್ನೆಟಾ, ಅವತ್ತು ನೀವೆಲ್ಲಿದ್ರಿ?" ಎಂದು ಕೇಳಿದಳು.

"ಅಡುಗೆಮನೇಲಿ," ಎಂದಳು ಅರ್ನೆಟಾ.

ಮಕ್ಕಳೆಲ್ಲ ನಕ್ಕರು. ವೇದಿಕೆಯ ಮೇಲೆ ಥರ್ಮನ್ ನೀರಿನ ಲೋಟ ಎತ್ತಿಕೊಂಡು, ಕುಡಿಯದೆ ಕೆಳಗಿಟ್ಟ.

ಕಾರಿನ ಕಡೆ ನಡೆಯುವಾಗ ಅವಳೇ ಮೊದಲು ಮಾತಾಡಿದಳು.

"ಇವತ್ತು ಚೆನ್ನಾಗಿ ಹೇಳಿದೆ."

"ನಿನ್ನ ಕೈ ತಣ್ಣಗಾಗಿದೆಯಲ್ಲೇ. ಇಲ್ಲಿ ಇಟ್ಕೋ."

ಅವಳು ಅವನ ಕೋಟಿನ ಜೇಬಿನಲ್ಲಿ ಕೈ ಇಟ್ಟಳು. ಅವನು ಬೆರಳುಗಳನ್ನು ಬಿಗಿಯಾಗಿ ಹಿಡಿದ. ಈಗ ಹೇಳುತ್ತಾನೆ ಎಂದುಕೊಂಡು ಅವಳು ನಿಧಾನವಾಗಿ ಹೆಜ್ಜೆ ಹಾಕಿದಳು. ಕಾರು ಬಂತು. ಅವನು ಬಾಗಿಲು ತೆರೆದು ಅವಳು ಕೂರುವವರೆಗೆ ಕಾದ.

ಮೂವತ್ತೊಂದು ವರ್ಷ ಅವನು ಆ ಕಥೆ ಹೇಳಿದ. ಬಾಗಿಲ ಪಕ್ಕದ ಸ್ಟೂಲು ಅರ್ನೆಟಾಳದಾಗಿತ್ತು ಎಂದು ಒಮ್ಮೆಯೂ ಹೇಳಲಿಲ್ಲ.